ಹಳ್ಳಿ ಮಕ್ಕಳಿಗೆ ಆನ್‌ಲೈನ್ ಸಂದರ್ಶನ: ನಾವು ಅಂಕ ಕೊಡ್ತಿರೋದು ಹುಡುಗರಿಗೋ, ಟವರಿಗೋ?

ಸಕ್ಕರೆನಾಡು ಡಾಕ್ಟ್ರು, ಮಂಡ್ಯ

ಎಲ್ರಿಗೂ ನಮಸ್ಕಾರ. ಮೊದಲೇ ಒಂದು ವಿಷಯ ಹೇಳಿಬಿಡ್ತೀನಿ, ಇಲ್ಲಾಂದ್ರೆ ಚರ್ಚೆ ಎಲ್ಲೆಲ್ಲೋ ಹೋಗುತ್ತೆ. ನಮ್ಮ ರಾಜ್ಯದಲ್ಲಿ ಎಂಬಿಬಿಎಸ್ ಸೀಟಿಗೆ ಸಂದರ್ಶನ ಇಲ್ಲ. ನೀಟ್ ರ‍್ಯಾಂಕು, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಸೀಟು ಹಂಚಿಕೆ, ಮುಗೀತು. ನಾನು ಕೇಳ್ತಿರೋದು ಅದಾದ ಮೇಲಿನ ಕಥೆ.

ಸೀಟು ಸಿಕ್ಕಿಯೂ ಫೀಸು, ಹಾಸ್ಟೆಲ್ಲು, ಪುಸ್ತಕ ಅಂತ ದುಡ್ಡು ಹೊಂದಿಸೋಕೆ ಆಗದ ಮಕ್ಕಳನ್ನ ನಾವೊಂದಷ್ಟು ಡಾಕ್ಟ್ರುಗಳು ಸೇರಿ ಓದಿಸ್ತೀವಿ. ಎಂಬಿಬಿಎಸ್ಸು, ಬಿಎಸ್ಸಿ ನರ್ಸಿಂಗು ಎರಡಕ್ಕೂ. ಅರ್ಜಿ ನೂರರ ಹತ್ರ ಬರುತ್ತೆ, ದುಡ್ಡಿರೋದು ಕೆಲವರಿಗೆ ಸಾಲೋಷ್ಟು. ಹಾಗಾಗಿ ಮಾತಾಡಿಸಿ ಆರಿಸ್ತೀವಿ. ಇಲ್ಲಿವರೆಗೂ ಭಾನುವಾರ ಮಂಡ್ಯಕ್ಕೆ ಕರೆಸ್ತಿದ್ವಿ. ಎಚ್.ಡಿ. ಕೋಟೆ ಕಡೆಯ ಹುಡುಗಿ ಹಿಂದಿನ ದಿನವೇ ಹೊರಟು ಮೈಸೂರಲ್ಲಿ ನೆಂಟರ ಮನೇಲಿ ಮಲಗಿ ಬರಬೇಕು, ಜೊತೆಗೆ ಬರೋ ಅಪ್ಪನ ಕೂಲಿ ಹೋಗುತ್ತೆ. ಈ ಸಲ ಎಲ್ಲಾ ಆನ್‌ಲೈನ್ ಮಾಡೋಣ ಅಂತ ತೀರ್ಮಾನ ಆಗಿದೆ. ದುಡ್ಡು ಕೊಡೋರಲ್ಲಿ ಅರ್ಧ ಜನ ಇಂಗ್ಲೆಂಡು, ಅಮೆರಿಕದಲ್ಲಿದ್ದಾರೆ. ಅವರೂ ಪ್ಯಾನೆಲ್ಲಲ್ಲಿ ಕೂರಬಹುದು ಅನ್ನೋ ಆಸೆ ಬೇರೆ.

ಹೋದ ವಾರ ಸುಮ್ಮನೆ ಪರೀಕ್ಷೆಗೆ ಅಂತ ನಡೆಸಿ ನೋಡಿದ್ವಿ. ಮಳವಳ್ಳಿ ತಾಲೂಕಿನ ಒಬ್ಬ ಹುಡುಗಿ. ಪ್ರಶ್ನೆ ಕೇಳಿದ ಮೇಲೆ ಅವಳ ದನಿ ನಮಗೆ ತಲುಪೋಕೆ ಎರಡು ಮೂರು ಸೆಕೆಂಡು. ಅಷ್ಟರಲ್ಲಿ ನಮ್ಮವರು "ಗೊತ್ತಾಗಲಿಲ್ವೇನಮ್ಮ?" ಅಂತ ಇನ್ನೊಂದ್ಸಲ ಕೇಳೋರು. ಅವಳ ಉತ್ತರ, ಇವರ ಪ್ರಶ್ನೆ ಎರಡೂ ಡಿಕ್ಕಿ. ಅವಳು ಸುಮ್ಮನಾಗಿಬಿಡೋಳು. ಪರದೆ ಮೇಲೆ ಮುಖ ಅಲ್ಲಾಡದೆ ನಿಂತಿರೋದು, ಕಣ್ಣು ಅರ್ಧ ಮುಚ್ಚಿ, ಬಾಯಿ ಅರ್ಧ ತೆರೆದು. ಆಮೇಲೆ ಅಂಕದ ಹಾಳೆ ತೆಗೆದು ನೋಡಿದ್ರೆ ಒಬ್ಬರು "ಆತ್ಮವಿಶ್ವಾಸ" ಅನ್ನೋ ಕಾಲಮ್ಮಲ್ಲಿ ಐದಕ್ಕೆ ಎರಡು ಕೊಟ್ಟು, ಪಕ್ಕದಲ್ಲಿ "ತಡವರಿಸುತ್ತಾಳೆ, ಮುಖ ನೋಡಿ ಮಾತಾಡುವುದಿಲ್ಲ" ಅಂತ ಬರೆದಿದ್ರು. ಸಾಯಂಕಾಲ ಅದೇ ಹುಡುಗಿಗೆ ನಾನು ಮಾಮೂಲಿ ಫೋನ್ ಮಾಡಿದೆ. ಪಟಪಟ ಅಂತ ಮಾತಾಡಿದ್ಲು, ನನಗೆ ಬಾಯಿ ಹಾಕೋಕೂ ಬಿಡಲಿಲ್ಲ.

ಹೋದ ಆ ಮೂರು ಅಂಕ ಟವರಿನ ಲೆಕ್ಕದ್ದು. ಹುಡುಗಿ ಲೆಕ್ಕದಿಂದ ಕಳೆದಿದ್ದಾರೆ. ಇದನ್ನ ತಪ್ಪಿಸೋದು ಹೇಗೆ? ಮಾಡಿ ಗೊತ್ತಿರೋರು ಹೇಳಿ.

ಬಯಾಲಜಿ ಮೇಷ್ಟ್ರು, ಮಳವಳ್ಳಿ

ಡಾಕ್ಟ್ರೇ, ಆ ಹುಡುಗಿ ಯಾರು ಅಂತ ನನಗೆ ಅಂದಾಜಾಯ್ತು, ಇರಲಿ. ನಿಮ್ಮ ಪ್ಯಾನೆಲ್‌ನೋರಿಗೆ ನಮ್ಮ ಮಕ್ಕಳ ಮನೆ ಗೊತ್ತಿಲ್ಲ. ಮನೆಗೆ ಒಂದೇ ಒಳ್ಳೆ ಫೋನು. ಅದು ಬೆಳಗ್ಗೆ ಅಪ್ಪನ ಜೊತೆ ಆಲೆಮನೆಗೋ ಗದ್ದೆಗೋ ಹೋಗಿರುತ್ತೆ. ಸಂಜೆ ಬಂದ ಮೇಲೆ ಅಣ್ಣ ತಮ್ಮಂದಿರ ಕೈಗೆ. ದಿನದ ಡೇಟಾ ರಾತ್ರಿ ಎಂಟರ ಹೊತ್ತಿಗೆ ಖಾಲಿ. ನೀವು "ಅನುಕೂಲವಾದ ಸಮಯ ತಿಳಿಸಿ" ಅಂತ ಫಾರಂ ಕಳಿಸಿದ್ರೆ ಅವರು ಯಾವುದಕ್ಕಾದ್ರೂ ಸೈ ಅಂತ ಟಿಕ್ ಹಾಕ್ತಾರೆ. ಅನುಕೂಲ ಇಲ್ಲ ಅಂದ್ರೆ ಸ್ಕಾಲರ್‌ಶಿಪ್ ಹೋಗುತ್ತೆ ಅನ್ನೋ ಭಯ.

ಇನ್ನೊಂದು, ಸೀಟು ಹಂಚಿಕೆ ನಡೆಯೋದೇ ಮಳೆಗಾಲದಲ್ಲಿ. ಗಾಳಿ ಬೀಸಿದ್ರೆ ಕರೆಂಟು ಹೋಗುತ್ತೆ. ಕರೆಂಟು ಹೋಗಿ ಸ್ವಲ್ಪ ಹೊತ್ತಾದ್ರೆ ಟವರಿನ ಬ್ಯಾಟರಿಯೂ ಕೈ ಕೊಡುತ್ತೆ. ಹೋದ ವರ್ಷ ನಮ್ಮ ಕಾಲೇಜಿನ ಒಬ್ಬ ಹುಡುಗ ಬೇರೆ ಯಾವುದೋ ಸಂದರ್ಶನಕ್ಕೆ ಕಾದು ಕೂತಿದ್ದಾಗ ಹೀಗೇ ಆಯ್ತು. "ಗೈರುಹಾಜರು" ಅಂತ ಬರೆದು ಕೈತೊಳೆದುಕೊಂಡ್ರು. ಮತ್ತೆ ಕರೀಲೇ ಇಲ್ಲ.

ಹೆಬ್ಬಾಳ ಬಿಟ್ಸ್, ಮೈಸೂರು

ನಾನು ನೆಟ್‌ವರ್ಕಿಂಗ್ ಕೆಲಸದವನು. ಡಾಕ್ಟ್ರ ಫೋನ್ ಕಾಲ್ ಯಾಕೆ ಚೆನ್ನಾಗಿ ಬಂತು, ವಿಡಿಯೋ ಯಾಕೆ ನಿಂತ್ಕೊಳ್ತು ಅಂತ ಹೇಳ್ತೀನಿ.

ಇಬ್ಬರ ನಡುವಿನ ಒಳ್ಳೆ ವಿಡಿಯೋ ಕಾಲಿಗೆ ಜೂಮ್ ತಾನೇ ಹೇಳೋ ಲೆಕ್ಕ ಹೋಗೋಕೆ 600 ಕೆಬಿಪಿಎಸ್ (ಅಂದ್ರೆ ಸೆಕೆಂಡಿಗೆ 600 ಕಿಲೋಬಿಟ್ ಡೇಟಾ), ಬರೋಕೆ 600. ಬರೀ ದನಿಗೆ 60ರಿಂದ 80 ಸಾಕು. ಅಂದ್ರೆ ಮುಖ ತೋರಿಸೋದಕ್ಕೇ ಏಳೆಂಟರಿಂದ ಹತ್ತು ಪಟ್ಟು ಖರ್ಚು. ಅರ್ಧ ಗಂಟೆ ವಿಡಿಯೋ ಅಂದ್ರೆ ಹತ್ರ ಹತ್ರ 270 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನ ಮನೇಲಿ, ಅದೂ ಹಂಚಿಕೊಂಡು ಬಳಸೋ ಫೋನಲ್ಲಿ, ಇದು ಸಣ್ಣ ಮೊತ್ತ ಅಲ್ಲ.

ಎಲ್ಲರೂ ಸ್ಪೀಡ್ ಟೆಸ್ಟ್ ಮಾಡಿ ಡೌನ್‌ಲೋಡ್ ನೋಡ್ತಾರೆ. ಸಂದರ್ಶನಕ್ಕೆ ಕೂತ ಹುಡುಗಿಗೆ ಮುಖ್ಯ ಅಪ್‌ಲೋಡ್, ಯಾಕಂದ್ರೆ ಅವಳ ಮುಖ, ದನಿ ಆ ಕಡೆ ಹೋಗಬೇಕು. ಹಳ್ಳಿ ಕಡೆ ಕೊರತೆ ಬೀಳೋದು ಅಲ್ಲೇ. ಅವಳಿಗೆ ನೀವು ನಿಚ್ಚಳವಾಗಿ ಕಾಣ್ತೀರಿ, ನಿಮಗೆ ಅವಳು ಕಲ್ಲಾಗಿ ಕಾಣ್ತಾಳೆ. ತಾನು ಹಾಗೆ ಕಾಣ್ತಿದ್ದೀನಿ ಅನ್ನೋದು ಅವಳಿಗೆ ತಿಳಿಯೋದೂ ಇಲ್ಲ.

ಮಾಮೂಲಿ 4ಜಿ ಫೋನ್ ಕಾಲಿಗೆ ನೆಟ್‌ವರ್ಕು ಬೇರೆ ದಾರಿ ಕಾದಿಟ್ಟಿರುತ್ತೆ, ವೋಲ್ಟಿ ಅನ್ನೋದು ಅದೇ. ಅಕ್ಕಪಕ್ಕದವರೆಲ್ಲ ರೀಲ್ಸ್ ನೋಡ್ತಿದ್ರೂ ಆ ಮಾತಿಗೆ ಆದ್ಯತೆ. ಜೂಮು, ವಾಟ್ಸಾಪ್ ಕಾಲಿಗೆ ಆ ಭಾಗ್ಯ ಇಲ್ಲ, ರೀಲ್ಸ್ ಜೊತೆಗೇ ನೂಕಾಡಬೇಕು. ನನ್ನ ಸಲಹೆ ಒಂದೇ: ವಿಡಿಯೋ ಬಿಡಿ. ಮಂಡ್ಯದಿಂದ ಒಬ್ಬರು ಅವಳಿಗೆ ಮಾಮೂಲಿ ಕಾಲ್ ಮಾಡಲಿ, ಹೊರದೇಶದೋರು ಆ ಕಾಲಿಗೆ ಸೇರಿಕೊಳ್ಳಲಿ.

ಲಂಡನ್ ಮೈಸೂರಿಗ

ನಾನೂ ಇಂಥ ಪ್ಯಾನೆಲ್‌ಗಳಲ್ಲಿ ಕೂತವನೇ, ಸ್ವಲ್ಪ ಬೇರೆ ಮಾತು ಹೇಳ್ತೀನಿ. 2020ರ ನಂತರ ಇಲ್ಲಿನ ಎಷ್ಟೋ ಮೆಡಿಕಲ್ ಸ್ಕೂಲುಗಳು ಪ್ರವೇಶ ಸಂದರ್ಶನವನ್ನ ಆನ್‌ಲೈನ್ ಮಾಡಿದವು, ಹಲವು ಇವತ್ತಿಗೂ ಹಾಗೇ ನಡೆಸ್ತಿವೆ. ವಿಡಿಯೋದಲ್ಲೇ. ಡಾಕ್ಟರ್ ಆಗೋರು ಎದುರಿನ ಮನುಷ್ಯನ ನೋವು ಕೇಳಿದಾಗ ಮುಖದಲ್ಲಿ ಏನು ಕಾಣಿಸುತ್ತೆ ಅನ್ನೋದು ಮುಖ್ಯ ಅಲ್ವಾ? ಬರೀ ದನಿ ಕೇಳಿ ನಾನು ಹತ್ತು ಸಾವಿರ ಪೌಂಡ್ ಕೊಡೋ ನಿರ್ಧಾರ ಹೇಗೆ ಮಾಡಲಿ?

ಬಯಾಲಜಿ ಮೇಷ್ಟ್ರು, ಮಳವಳ್ಳಿ

ಸಾರ್, ನಿಮ್ಮಲ್ಲಿ ಹುಡುಗ ತನ್ನ ರೂಮಲ್ಲಿ, ತನ್ನ ಲ್ಯಾಪ್‌ಟಾಪಲ್ಲಿ, ಮನೆಯ ವೈಫೈನಲ್ಲಿ ಕೂರ್ತಾನೆ. ನಮ್ಮ ಹುಡುಗಿ ಹಿತ್ತಲಲ್ಲಿ ನಿಂತು ಫೋನನ್ನ ಬಿಂದಿಗೆಗೆ ಒರಗಿಸಿಕೊಂಡಿರ್ತಾಳೆ. ಮುಖದಲ್ಲಿ ಕಾಣೋದು ಫೋನ್ ಬಿದ್ದುಹೋದೀತು ಅನ್ನೋ ಆತಂಕ.

ಕಬಿನಿ ಹಿನ್ನೀರು, ಎಚ್.ಡಿ. ಕೋಟೆ

ನಾನು ನರ್ಸಿಂಗ್ ಎರಡನೇ ವರ್ಷ. ಹೀಗೇ ಒಂದು ಕಡೆ, ಹೆಸರು ಬೇಡ, ಆನ್‌ಲೈನ್ ಸಂದರ್ಶನ ಕೊಟ್ಟಿದ್ದೆ. ನಮ್ಮೂರಲ್ಲಿ ಸಿಗ್ನಲ್ ಸಿಗಲ್ಲ, ಸಿಕ್ಕರೆ ಫೋನಿಗೆ "ಕೇರಳಕ್ಕೆ ಸ್ವಾಗತ" ಅಂತ ಮೆಸೇಜು ಬರುತ್ತೆ. ಅದಕ್ಕೇ ಹ್ಯಾಂಡ್‌ಪೋಸ್ಟ್ ಅನ್ನೋ ಊರಿಗೆ ಬಂದು ಚಿಕ್ಕಪ್ಪನ ಗೊಬ್ಬರದ ಅಂಗಡಿ ಹಿಂದಿನ ಗೋಡೌನಲ್ಲಿ ಕೂತೆ.

ಶುರುವಿಗೆ ಅವರು "ಕ್ಯಾಮೆರಾ ಸುತ್ತ ತಿರುಗಿಸಿ, ರೂಮು ತೋರಿಸಿ" ಅಂದ್ರು. ಯಾರಾದ್ರೂ ಪಕ್ಕದಲ್ಲಿ ಕೂತು ಹೇಳಿಕೊಡ್ತಾರೇನೋ ಅಂತ ಅನುಮಾನ. ತಿರುಗಿಸಿದೆ. ಯೂರಿಯಾ ಮೂಟೆ, ತಗಡಿನ ಬಾಗಿಲು, ಚಿಕ್ಕಪ್ಪನ ಬನಿಯನ್ನು ಒಣಗ್ತಿತ್ತು. ಒಬ್ಬ ಮೇಡಂ ನಕ್ಕರು. ಕೆಟ್ಟದಾಗಿ ನಕ್ಕಿದ್ದು ಅಂತ ಹೇಳಲ್ಲ, ಆದ್ರೆ ನಕ್ಕರು. ಅದಾದ ಮೇಲೆ ಅವರು ಕೇಳಿದ್ದು ಯಾವುದೂ ನನ್ನ ತಲೆಗೆ ಹೋಗಲಿಲ್ಲ.

ಇಂಗ್ಲಿಷಲ್ಲೇ ಕೇಳಿದ್ರು. ನನ್ನಮ್ಮ ಆಶಾ ಕಾರ್ಯಕರ್ತೆ, ಅವರ ಜೊತೆ ಮನೆ ಮನೆಗೆ ಹೋಗಿ ಬಿಪಿ ಬರೆದುಕೊಂಡಿದ್ದೀನಿ, ಹೆರಿಗೆಗೆ ಆಂಬುಲೆನ್ಸ್ ಬರೋ ತನಕ ಕೂತಿದ್ದೀನಿ. ಅದನ್ನ ಕನ್ನಡದಲ್ಲಿ ಕೇಳಿದ್ರೆ ಒಂದು ಗಂಟೆ ಹೇಳ್ತಿದ್ದೆ. ಇಂಗ್ಲಿಷಲ್ಲಿ "ಐ ಹೆಲ್ಪ್ ಮೈ ಮದರ್" ಅಂದು ನಿಲ್ಲಿಸಿದೆ.

ನನ್ನ ಕೋರಿಕೆ: ರೂಮು ತೋರಿಸಿ ಅನ್ನಬೇಡಿ. ಕನ್ನಡದಲ್ಲಿ ಕೇಳಿ.

ನೇರ ಮಾತು, ಶ್ರೀರಂಗಪಟ್ಟಣ

ಇದೆಲ್ಲ ಓದಿದ ಮೇಲೆ ನನ್ನ ಪ್ರಶ್ನೆ: ಸಂದರ್ಶನ ಯಾಕೆ ಬೇಕು? ಸೀಟು ಸಿಕ್ಕಿದೆ, ಬಡತನ ದಾಖಲೆಯಲ್ಲಿದೆ. ಚೀಟಿ ಎತ್ತಿ. ನಗಬೇಡಿ. ನೆದರ್‌ಲ್ಯಾಂಡ್ಸ್‌ನಲ್ಲಿ ಮೆಡಿಕಲ್ ಸೀಟಿಗೇ 1972ರಿಂದ ಲಾಟರಿ ಇತ್ತು, ಹೆಚ್ಚಿನ ಕಾಲ ಅದು ಅಂಕ ಹೆಚ್ಚಿದ್ದೋರಿಗೆ ಅವಕಾಶ ಹೆಚ್ಚು ಇರೋ ಥರದ ಲಾಟರಿ. 2017ರಲ್ಲಿ ನಿಲ್ಲಿಸಿದ್ರು, 2023ರಿಂದ ಬೇಕಾದ ಕಾಲೇಜುಗಳು ಮತ್ತೆ ಬಳಸಬಹುದು ಅಂದ್ರು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯ 2020ರಲ್ಲಿ ಕೊರೋನಾದಿಂದ ಸಂದರ್ಶನ ನಿಂತಾಗ ಒಂದಷ್ಟು ಸೀಟು ಲಾಟರಿಯಲ್ಲೇ ಕೊಡ್ತು. ಸಂದರ್ಶನದ ವಿದ್ಯೆಗೆ ಹೆಸರಾದ ಊರಲ್ಲೇ ಹೀಗೆ!

ಕೃಷ್ಣಮೂರ್ತಿಪುರಂ ವಕೀಲ

ಚೀಟಿಯ ವಾದ ಕಾನೂನಿನಲ್ಲಿ ನಿಲ್ಲುತ್ತದೋ ಇಲ್ಲವೋ ಆಮೇಲೆ ನೋಡೋಣ. ಇದು ಖಾಸಗಿ ನೆರವು, ಅವರ ದುಡ್ಡು ಅವರ ಇಷ್ಟ. ಆದರೆ ಈ ಸಂದರ್ಶನದ ಜಗಳ ನಮ್ಮ ಮೈಸೂರಿಗೆ ಹೊಸದಲ್ಲ ಅನ್ನೋದು ಇಲ್ಲಿ ಯಾರಿಗೂ ನೆನಪಿಲ್ಲದಂತಿದೆ. ಹಿಂದೆ ಮೈಸೂರು ರಾಜ್ಯದಲ್ಲಿ ಎಂಜಿನಿಯರಿಂಗ್, ಮೆಡಿಕಲ್ ಸೀಟಿಗೆ ಸಂದರ್ಶನ ಇತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ. 25ರಷ್ಟನ್ನು ಸಂದರ್ಶನಕ್ಕೆ ಇಡಬೇಕೆಂದು ಸರ್ಕಾರ ಆದೇಶ ಮಾಡಿತು. ಸಾಮಾನ್ಯ ಜ್ಞಾನ, ವ್ಯಕ್ತಿತ್ವ, ಎನ್‌ಸಿಸಿ, ಆಟೋಟ, ನಾಟಕ, ಚರ್ಚಾಸ್ಪರ್ಧೆ ಎಲ್ಲ ಅದರಲ್ಲಿ. ಅಂಕವಿದ್ದೂ ಸೀಟು ತಪ್ಪಿದವರು ಕೋರ್ಟಿಗೆ ಹೋದರು. ಅದೇ ಚಿತ್ರಲೇಖಾ ವಿರುದ್ಧ ಮೈಸೂರು ರಾಜ್ಯ ಪ್ರಕರಣ. 1964ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಸಂದರ್ಶನ ಪದ್ಧತಿಯನ್ನು ಎತ್ತಿ ಹಿಡಿಯಿತು.

ಆಮೇಲೆ ಅಜಯ್ ಹಾಸಿಯಾ ಪ್ರಕರಣ, ಶ್ರೀನಗರದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜಿನದ್ದು. ಲಿಖಿತ ಪರೀಕ್ಷೆಗೆ 100 ಅಂಕ, ಸಂದರ್ಶನಕ್ಕೆ 50. ಒಬ್ಬೊಬ್ಬರನ್ನು ಎರಡು ಮೂರು ನಿಮಿಷ ಮಾತಾಡಿಸಿ, ಅಪ್ಪ ಯಾರು, ಊರು ಯಾವುದು ಎಂದು ಕೇಳಿ ಕಳಿಸಿದ್ದರಂತೆ. ಸಂದರ್ಶನಕ್ಕೆ ಒಟ್ಟು ಅಂಕದ ಶೇ. 15ಕ್ಕಿಂತ ಹೆಚ್ಚು ಇಡುವುದು ಮನಬಂದಂತೆ ನಡೆದುಕೊಂಡಂತೆ ಎಂದಿತು ಕೋರ್ಟು. ಮಾತುಕತೆಯನ್ನು ಟೇಪ್ ರೆಕಾರ್ಡ್ ಮಾಡಿಡುವುದು ಒಳ್ಳೆಯದು ಎಂದೂ ಹೇಳಿತು. ಆಗಿಹೋಗಿದ್ದ ಪ್ರವೇಶಗಳನ್ನು ಮಾತ್ರ ರದ್ದು ಮಾಡಲಿಲ್ಲ.

ಆ ಕಾಲಕ್ಕೆ ಟೇಪ್ ರೆಕಾರ್ಡರ್ ತರಿಸುವುದೇ ಒಂದು ಖರ್ಚು. ಈಗ ಒಂದು ಗುಂಡಿ ಒತ್ತಿದರೆ ಆಯಿತು. ಡಾಕ್ಟ್ರೇ, ಮೊದಲೇ ಹೇಳಿ ಒಪ್ಪಿಗೆ ಪಡೆದು ದನಿ ಮಾತ್ರ ದಾಖಲಿಸಿ. ತಕರಾರು ಬಂದರೆ ಇನ್ನೊಬ್ಬರು ಕೇಳಿ ಅಂಕ ಹಾಕಬಹುದು. ಶೇ. 15ರ ಮಿತಿ ನಿಮಗೆ ಕಾನೂನಿನ ಕಟ್ಟಲ್ಲ, ಆದರೂ ಪಾಲಿಸಿದರೆ ಒಳ್ಳೆಯದು.

ಸರಸ್ವತಿಪುರಂ ಅಜ್ಜಿ

ನಡುವೆ ಬಾಯಿ ಹಾಕ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಮೊಮ್ಮಗಳಿಗೆ ನೀಟಲ್ಲಿ ಅಂಕ ಕಡಿಮೆ ಬಂದಿದೆ. ದಿನಾ ಯಾರೋ ಫೋನ್ ಮಾಡ್ತಾರೆ. "ನಾಳೆ ಆನ್‌ಲೈನ್ ಇಂಟರ್‌ವ್ಯೂ ಇದೆ ಅಮ್ಮ, ಪಾಸಾದ್ರೆ ಬೆಂಗಳೂರಲ್ಲೇ ಮ್ಯಾನೇಜ್‌ಮೆಂಟ್ ಸೀಟು, ರಿಜಿಸ್ಟ್ರೇಷನ್ ದುಡ್ಡು ಇವತ್ತೇ ಹಾಕಿ" ಅಂತ. ಇನ್ನೊಬ್ಬರು ವಿದೇಶದ ಕಾಲೇಜು ಅಂತಾರೆ. ಐದು ನಿಮಿಷ ವಿಡಿಯೋದಲ್ಲಿ ಮಾತಾಡಿಸಿ "ಸೆಲೆಕ್ಟ್ ಆಗಿದ್ದೀಯ" ಅಂದುಬಿಟ್ರು. ಇದೆಲ್ಲ ನಿಜವಾ?

ಬಯಾಲಜಿ ಮೇಷ್ಟ್ರು, ಮಳವಳ್ಳಿ

ಅಮ್ಮ, ಒಂದು ಪೈಸೆ ಹಾಕಬೇಡಿ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟೂ ನೀಟ್ ರ‍್ಯಾಂಕಿನ ಮೇಲೆ ಕೌನ್ಸೆಲಿಂಗ್ ಮೂಲಕವೇ ಹಂಚಿಕೆ ಆಗೋದು. ಅದಕ್ಕೆ ಇಂಟರ್‌ವ್ಯೂ ಅಂದವರು ಕಳ್ಳರು, ಅದರಲ್ಲಿ ಎರಡು ಮಾತಿಲ್ಲ. ಸೇನೆಯ ಪುಣೆ ಮೆಡಿಕಲ್ ಕಾಲೇಜಿಗೆ ಸಂದರ್ಶನ ಇರೋದು ನಿಜ, ಅದಕ್ಕೂ ನೀಟ್ ಬೇಕು, ಅದನ್ನ ಯಾರೂ ಫೋನ್ ಮಾಡಿ ಮಾರಲ್ಲ.

ವಿದೇಶದ್ದಾದ್ರೆ ನೀಟ್‌ನಲ್ಲಿ ಅರ್ಹತೆ ಬಂದಿರಲೇಬೇಕು. 2021ರ ನಿಯಮದ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳು, ಆಮೇಲೆ ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್, ಪಾಠ ಇಂಗ್ಲಿಷಲ್ಲಿ. ಇದರಲ್ಲಿ ಒಂದು ತಪ್ಪಿದ್ರೂ ವಾಪಸ್ ಬಂದು ಇಲ್ಲಿ ಪ್ರಾಕ್ಟೀಸ್ ಮಾಡೋಕೆ ಆಗಲ್ಲ. ಐದು ನಿಮಿಷದ ಆ ಸಂದರ್ಶನ ನಿಮ್ಮ ಹತ್ರ ದುಡ್ಡಿದೆಯಾ ಅಂತ ನೋಡೋಕೆ ಮಾಡಿದ್ದು.

ನಿವೃತ್ತ ಅನಾಟಮಿ, ಕುವೆಂಪುನಗರ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನಾನು ಕೆಲವು ವರ್ಷ ಪೂರ್ವ ಆಫ್ರಿಕಾದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಿದವನು. ಅಲ್ಲಿ ಪ್ರವೇಶಕ್ಕೆ ಸಂದರ್ಶನವಿತ್ತು. ಕೊರೋನಾ ಕಾಲದಲ್ಲಿ ಅದನ್ನು ದೂರದಿಂದ ನಡೆಸಬೇಕಾಯಿತು. ನಾನಾಗ ಮೈಸೂರಿಗೆ ವಾಪಸಾಗಿದ್ದೆ, ಮನೆಯಲ್ಲೇ ಕೂತು ಭಾಗವಹಿಸಿದೆ. ಅಲ್ಲಿನ ಹಳ್ಳಿಗಳಿಗೂ ಎಚ್.ಡಿ. ಕೋಟೆಯ ಆದಿವಾಸಿ ಹಾಡಿಗಳಿಗೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ.

ಮೊದಲು "ನೇರ ಮಾತು" ಅವರಿಗೆ. ನೀವು ಹೇಳಿದ ಅದೇ ಮೆಕ್‌ಮಾಸ್ಟರ್‌ನಲ್ಲೇ ಬಹುಕಿರು ಸಂದರ್ಶನ ಅನ್ನುವ ಪದ್ಧತಿ ಹುಟ್ಟಿದ್ದು, 2004ರಲ್ಲಿ ಪ್ರಬಂಧವಾಗಿ ಹೊರಬಂತು. ಒಬ್ಬ ಅಭ್ಯರ್ಥಿ ಒಂದು ಪ್ಯಾನೆಲ್ ಮುಂದೆ ಅರ್ಧ ಗಂಟೆ ಕೂರುವ ಬದಲು ಹತ್ತು ಕೋಣೆ ಸುತ್ತುತ್ತಾನೆ, ಒಂದೊಂದರಲ್ಲಿ ಎಂಟು ನಿಮಿಷ, ಒಂದೊಂದರಲ್ಲಿ ಬೇರೆ ಪರೀಕ್ಷಕ, ಬೇರೆ ಪ್ರಶ್ನೆ. ಒಬ್ಬ ಪರೀಕ್ಷಕನಿಗೆ ಅವನ ಮುಖ ಹಿಡಿಸದಿದ್ದರೂ ಉಳಿದವರ ಅಂಕ ಇರುತ್ತದೆ. ಮೊದಲ ಕೋಣೆಯಲ್ಲಿ ಎಡವಿದವನು ಎರಡನೆಯದಕ್ಕೆ ಹೊಸಬನಾಗಿಯೇ ಹೋಗುತ್ತಾನೆ. ನಮ್ಮ ಎಂಬಿಬಿಎಸ್ ಪ್ರಾಯೋಗಿಕ ಪರೀಕ್ಷೆಯಲ್ಲಿ ಗಂಟೆ ಬಾರಿಸಿದಾಗ ಮುಂದಿನ ಮೇಜಿಗೆ ಸರಿಯುತ್ತೀರಲ್ಲ, ಹಾಗೆ.

ಹತ್ತು ವಿಡಿಯೋ ಕೋಣೆಗಳನ್ನು ತೆರೆಯುವ ಶಕ್ತಿ ನಮಗಿರಲಿಲ್ಲ. ಐದಕ್ಕೆ ಇಳಿಸಿದೆವು. ಅಭ್ಯರ್ಥಿಗಳನ್ನು ಮನೆಯಿಂದ ಮಾತಾಡಿಸುವ ಆಲೋಚನೆಯನ್ನೇ ಬಿಟ್ಟೆವು. ಜಿಲ್ಲಾ ಆಸ್ಪತ್ರೆಗಳಲ್ಲಿ ಒಂದೊಂದು ಕೋಣೆ, ಒಬ್ಬ ಹಿರಿಯ ದಾದಿ, ಒಂದು ಲ್ಯಾಪ್‌ಟಾಪು, ಪಕ್ಕದಲ್ಲಿ ಮಾಮೂಲಿ ಫೋನು. ಹುಡುಗ ಕುರ್ಚಿಯಲ್ಲಿ ಕೂತಿರುತ್ತಾನೆ, ಪರೀಕ್ಷಕರು ಒಬ್ಬರಾದ ಮೇಲೆ ಒಬ್ಬರು ಅವನ ಪರದೆಗೆ ಬರುತ್ತಾರೆ. ಕರೆ ಎಲ್ಲಿಂದ ಬರುತ್ತಿದೆ ಎಂಬ ಚಿಂತೆ ಅವನಿಗಿಲ್ಲ.

ಲೈನು ತುಂಡಾದರೆ ಏನು ಮಾಡಬೇಕು ಎನ್ನುವುದಕ್ಕೆ ನಾವು ಬಹಳ ತಲೆ ಕೆಡಿಸಿಕೊಂಡೆವು. ಕೊನೆಗೆ ಉಳಿದ ಕ್ರಮ ಹೀಗೆ. ತುಂಡಾದ ಕ್ಷಣ ಗಡಿಯಾರ ನಿಲ್ಲುತ್ತದೆ. ದಾದಿ ಫೋನಿನಿಂದ ಕರೆ ಮಾಡುತ್ತಾಳೆ. ಅರ್ಧಕ್ಕೆ ನಿಂತ ಪ್ರಶ್ನೆಯನ್ನು ಬಿಟ್ಟು ಅದೇ ಬಗೆಯ ಬೇರೆ ಪ್ರಶ್ನೆ ಕೇಳಬೇಕು, ಇಲ್ಲವಾದರೆ ನಡುವಿನ ಬಿಡುವಿನಲ್ಲಿ ಯೋಚಿಸಲು ಅವನಿಗೆ ಹೆಚ್ಚು ಸಮಯ ಸಿಕ್ಕಿತೆಂದು ಯಾರೋ ಒಬ್ಬರು ಗೊಣಗುತ್ತಾರೆ. ಲೈನು ಹೇಗಿತ್ತೆಂದು ದಾದಿ ಬೇರೆ ಹಾಳೆಯಲ್ಲಿ ಬರೆಯುತ್ತಾಳೆ. ಪರೀಕ್ಷಕನ ಹಾಳೆಯಲ್ಲಿ ಅದಕ್ಕೆ ಜಾಗವೇ ಇಲ್ಲ. ಎಲ್ಲರೂ ಅಂಕ ಬರೆದು ಕಳಿಸಿದ ಮೇಲೆಯೇ ಪರಸ್ಪರ ಮಾತಾಡಬಹುದು.

ಇನ್ನು "ಆತ್ಮವಿಶ್ವಾಸ" ಎಂಬ ಕಾಲಮ್ಮು. ಡಾಕ್ಟ್ರೇ, ಅದನ್ನು ಇವತ್ತೇ ಅಳಿಸಿ. ಅದರಲ್ಲಿ ಬೀಳುವ ಅಂಕದಲ್ಲಿ ಇಂಗ್ಲಿಷೆಷ್ಟು, ಪಟ್ಟಣವೆಷ್ಟು, ನೆಟ್‌ವರ್ಕೆಷ್ಟು ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗುವುದಿಲ್ಲ. "ಯಾಕೆ ಡಾಕ್ಟರ್ ಆಗಬೇಕು?" ಎಂಬ ಪ್ರಶ್ನೆಯನ್ನೂ ತೆಗೆಯಿರಿ. ಎಲ್ಲರೂ ಉರು ಹೊಡೆದು ಬಂದಿರುತ್ತಾರೆ. ನಾನಾದರೆ ಹೀಗೆ ಕೇಳುತ್ತೇನೆ: ನಿಮ್ಮೂರ ಹಬ್ಬದ ಮರುದಿನ ಹತ್ತು ಮನೆಗಳಲ್ಲಿ ವಾಂತಿಭೇದಿ. ಓವರ್‌ಹೆಡ್ ಟ್ಯಾಂಕಿನ ನೀರಿನ ಮೇಲೆ ನಿನಗೆ ಅನುಮಾನ. ಪಂಚಾಯ್ತಿ ಮೆಂಬರು ನಿನ್ನ ಸೋದರಮಾವ, ಊರ ಮರ್ಯಾದೆ ತೆಗೀಬೇಡ ಅನ್ನುತ್ತಾನೆ. ಏನು ಮಾಡ್ತೀಯ? ಆಮೇಲೆ ಒಂದೊಂದೇ ಎಳೆ ಹಿಡಿದು ಮುಂದೆ ಕೇಳುವುದು. ಮಾವ ಮಾತು ಬಿಟ್ಟರೆ? ಟ್ಯಾಂಕಿನ ನೀರು ಸರಿಯಿದ್ದು ನಿನ್ನ ಅನುಮಾನವೇ ತಪ್ಪಾಗಿದ್ದರೆ?

ಹೆಬ್ಬಾಳ ಬಿಟ್ಸ್, ಮೈಸೂರು

ಸಾರ್, ನಮಸ್ಕಾರ. ಒಂದು ಅನುಮಾನ. ಈಗಿನ ಹುಡುಗರು ಕಿವಿಗೆ ಸಣ್ಣ ಇಯರ್‌ಬಡ್ ಹಾಕಿಕೊಂಡು ಚಾಟ್‌ಜಿಪಿಟಿ ಹೇಳಿದ್ದನ್ನ ಹಾಗೇ ಒಪ್ಪಿಸಿಬಿಟ್ರೆ? ದನಿ ಮಾತ್ರ ಅಂದ್ರೆ ಇನ್ನೂ ಸಲೀಸು. ವಿಡಿಯೋ ಬಿಡಿ ಅಂದವನು ನಾನೇ, ಆದ್ರೂ ಕೇಳ್ತಿದ್ದೀನಿ.

ನಿವೃತ್ತ ಅನಾಟಮಿ, ಕುವೆಂಪುನಗರ

ಕೋಣೆಯಲ್ಲಿ ದಾದಿ ಕೂತಿದ್ದಳಲ್ಲಪ್ಪ. ಕೇಂದ್ರ ಅಂತ ಮಾಡಿದರೆ ರೂಮು ತೋರಿಸು, ಕಿವಿ ತೋರಿಸು ಎನ್ನುವ ಅವಮಾನವೂ ಇಲ್ಲ, ನಿನ್ನ ಈ ಅನುಮಾನವೂ ಇಲ್ಲ. ಅದೂ ಅಲ್ಲದೆ, ಸೋದರಮಾವ ಮಾತು ಬಿಟ್ಟರೆ ಏನು ಮಾಡ್ತೀಯ ಅಂತ ಕೇಳಿದಾಗ ಯಂತ್ರ ಕೊಡುವ ಉತ್ತರ ನನಗೆ ಒಂದೇ ವಾಕ್ಯಕ್ಕೆ ಗೊತ್ತಾಗುತ್ತದೆ.

ಲಂಡನ್ ಮೈಸೂರಿಗ

ಪ್ರೊಫೆಸರ್ ಹೇಳಿದ ಕೇಂದ್ರದ ವಿಚಾರ ಒಪ್ಪುತ್ತೀನಿ. ಕೇಂದ್ರದಲ್ಲಿ ಒಳ್ಳೆ ಲೈನು ಇದ್ರೆ ವಿಡಿಯೋ ಇಟ್ಟುಕೊಳ್ಳೋಕೆ ಏನು ಅಡ್ಡಿ? ನನಗೆ ಮುಖ ನೋಡಬೇಕು. ಸಮಯದ ಮಾತೂ ಇದೆ. ಹಳ್ಳಿ ಕಡೆ ಬೆಳಗ್ಗೆ ಏಳೂವರೆಗೆ ಲೈನು ಚೆನ್ನಾಗಿರುತ್ತೆ ಅಂತಾರೆ, ಅದು ನನಗೆ ನಡುರಾತ್ರಿ ಮೂರು. ನ್ಯೂಯಾರ್ಕಿನೋರಿಗೆ ರಾತ್ರಿ ಹತ್ತು, ಅವರು ಕೂರ್ತಾರೆ. ನಾನು?

ಕಬಿನಿ ಹಿನ್ನೀರು, ಎಚ್.ಡಿ. ಕೋಟೆ

ಸಾರ್, ನಾವು ಬಸ್ಸಿಗೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬರ್ತಿದ್ವಿ.

ಲಂಡನ್ ಮೈಸೂರಿಗ

ಸರಿ ತಂಗಿ. ಕೂರ್ತೀನಿ.

ಅರಿವು ಕೇಂದ್ರ, ಮದ್ದೂರು ತಾಲೂಕು

ನಾನು ಗ್ರಾಮ ಪಂಚಾಯ್ತಿ ಲೈಬ್ರರಿ ನೋಡ್ಕೊಳ್ಳೋನು. ದೊಡ್ಡೋರೆಲ್ಲ ಮಾತಾಡ್ತಾವ್ರೆ, ಒಂದ್ ಮಾತು ಹೇಳ್ಲಾ ಅಂತ ಬಂದೆ. ಕೇಂದ್ರ ಬೇಕು ಅಂದ್ರೆ ಆಸ್ಪತ್ರೇಗೇ ಹೋಗ್ಬೇಕು ಅಂತೇನಿಲ್ಲ ಸಾ. ನಮ್ಮ ಅರಿವು ಕೇಂದ್ರದಲ್ಲಿ ಕಂಪ್ಯೂಟ್ರು ಅದೆ, ಇಂಟರ್‌ನೆಟ್ಟು ಅದೆ, ಯುಪಿಎಸ್ಸೂ ಅದೆ. ಮಕ್ಳು ದಿನಾ ಬತ್ತಾವೆ, ಅವ್ರಿಗೆ ಹೊಸ ಜಾಗ ಅನ್ನಿಸಾಕಿಲ್ಲ. ಬಾಗ್ಲು ಹಾಕ್ಕೊಂಡ್ರೆ ಸದ್ದೂ ಇರಾಕಿಲ್ಲ. ಹಾಲಿನ ಡೈರಿ ಪಕ್ಕದಲ್ಲೇ ಅದೆ, ಬೆಳಿಗ್ಗೆ ಏಳೂವರೆ ಅಂದ್ರೆ ಕ್ಯಾನ್ ಸದ್ದು ಸ್ವಲ್ಪ ಬತ್ತದೆ, ಎಂಟು ಗಂಟೆ ಮ್ಯಾಕೆ ಇಟ್ಕೊಂಡ್ರೆ ಒಳ್ಳೇದು.

ಆದ್ರೆ ಎಲ್ಲಾ ಊರಲ್ಲೂ ಹಿಂಗೇ ಇರ್ತದೆ ಅಂತ ನಾನು ಹೇಳಾಕಿಲ್ಲ. ಕೆಲವು ಕಡೆ ಕಂಪ್ಯೂಟ್ರು ಡಬ್ಬದಲ್ಲೇ ಅದೆ. ಮೊದ್ಲು ಹೋಗಿ ನೋಡಿ.

ಸಕ್ಕರೆನಾಡು ಡಾಕ್ಟ್ರು, ಮಂಡ್ಯ

ಎಲ್ಲರಿಗೂ ವಂದನೆ. ನಿನ್ನೆ ರಾತ್ರಿ ನಮ್ಮ ಗುಂಪಲ್ಲಿ ಕೂತು ಮಾತಾಡಿದ್ವಿ, ಜಗಳ ಅಂದ್ರೂ ತಪ್ಪಿಲ್ಲ. ತೀರ್ಮಾನ ಹೇಳ್ತೀನಿ.

ಮನೆಯಿಂದ ಸಂದರ್ಶನ ಇಲ್ಲ. ತಾಲೂಕಿಗೆ ಒಂದು ಎರಡು ಕೇಂದ್ರ, ಸಾಧ್ಯವಾದ ಕಡೆ ಅರಿವು ಕೇಂದ್ರ, ಇಲ್ಲದ ಕಡೆ ಯಾವುದಾದ್ರೂ ಪಿಯು ಕಾಲೇಜು. ಕೇಂದ್ರಕ್ಕೆ ಬರೋ ಬಸ್ ಚಾರ್ಜು, ಡೇಟಾ, ಫೋನ್ ಖರ್ಚು ಎಲ್ಲ ನಮ್ಮದು. ಲೈನು ಹೋದ್ರೆ ಗಡಿಯಾರ ನಿಲ್ಲುತ್ತೆ, ಮಾಮೂಲಿ ಫೋನ್ ಕಾಲಲ್ಲಿ ಮುಂದುವರಿಯುತ್ತೆ. ಅದೂ ಆಗದಿದ್ರೆ ಇನ್ನೊಂದು ದಿನ, "ಗೈರುಹಾಜರು" ಅನ್ನೋ ಪದ ನಮ್ಮ ಹಾಳೆಯಲ್ಲಿ ಇರಲ್ಲ. ಐದು ಜನ ಪರೀಕ್ಷಕರು, ಒಬ್ಬೊಬ್ಬರಿಗೆ ಆರು ನಿಮಿಷ. ಕನ್ನಡದಲ್ಲಿ. ಇಂಗ್ಲಿಷಲ್ಲಿ ಹೇಳ್ತೀನಿ ಅಂದ ಮಕ್ಕಳು ಹೇಳಬಹುದು. ಕನ್ನಡ ಮರೆತ ಅಮೆರಿಕದ ಇಬ್ಬರು ಬರೀ ಕೇಳಿಸಿಕೊಳ್ತಾರೆ, ಅಂಕ ಹಾಕಲ್ಲ. ಅದಕ್ಕೆ ಒಬ್ಬರು ಮುನಿಸಿಕೊಂಡಿದ್ದಾರೆ, ನೋಡೋಣ.

ವಿಡಿಯೋ ವಿಷಯದಲ್ಲಿ ಎಲ್ಲರ ಒಪ್ಪಿಗೆ ಸಿಗಲಿಲ್ಲ. ಶುರುವಲ್ಲಿ ಒಂದು ನಿಮಿಷ ಮುಖ ನೋಡಿ ಹೆಸರು ಕೇಳಿ, ಮಗು ಸ್ವಲ್ಪ ನಿರಾಳವಾದ ಮೇಲೆ ವಿಡಿಯೋ ಆಫ್ ಮಾಡಿ ಮಾತು ಅಂತ ಒಂದು ರಾಜಿ ಆಗಿದೆ. ಮುಖ ನೋಡದೆ ಕರುಣೆ ತಿಳಿಯಲ್ಲ ಅಂದೋರಿಗೆ ನನ್ನ ಉತ್ತರ ಇಷ್ಟೆ: ಎಂಬಿಬಿಎಸ್ ಪಠ್ಯದಲ್ಲೇ 2019ರ ಬ್ಯಾಚಿನಿಂದ ನಡವಳಿಕೆ, ನೀತಿ, ಸಂವಹನ ಅಂತ ಪಾಠ ಇದೆ. ರೋಗಿ ಜೊತೆ ಹೇಗೆ ಕೂರಬೇಕು ಅನ್ನೋದನ್ನ ಕಲಿಸೋಕೆ ನಾಲ್ಕೂವರೆ ವರ್ಷ ಇದೆ, ಬರೋ ಮುಂಚೆನೇ ಅದನ್ನ ತೂಗೋದು ಬೇಡ. ಒಟ್ಟು ಅಂಕದಲ್ಲಿ ಸಂದರ್ಶನದ್ದು ಶೇ. 15, ವಕೀಲರ ಮಾತಿನಂತೆ. ಉಳಿದದ್ದು ಮನೆಯ ಸ್ಥಿತಿ, ಓದು. ದನಿ ದಾಖಲಿಸ್ತೀವಿ, ಒಪ್ಪಿಗೆ ಪತ್ರ ಕನ್ನಡದಲ್ಲಿ.

ಚೀಟಿಯ ಮಾತನ್ನೂ ಬಿಟ್ಟಿಲ್ಲ. ಕೊನೆಯ ಸ್ಥಾನಕ್ಕೆ ಇಬ್ಬರು ಮೂವರು ಒಂದೇ ಅಂಕದಲ್ಲಿ ನಿಂತ್ರೆ ಚೀಟಿ ಎತ್ತೋದು.

ನೇರ ಮಾತು, ಶ್ರೀರಂಗಪಟ್ಟಣ

ಅಷ್ಟಾದ್ರೂ ಬಂತಲ್ಲ. ಮಳವಳ್ಳಿ ಹುಡುಗಿ ಗತಿ ಏನು?

ಸಕ್ಕರೆನಾಡು ಡಾಕ್ಟ್ರು, ಮಂಡ್ಯ

ಅದು ಪರೀಕ್ಷೆಗೆ ನಡೆಸಿದ್ದು, ಆ ಅಂಕ ಲೆಕ್ಕಕ್ಕಿಲ್ಲ. ಎಲ್ಲರ ಜೊತೆ ಅವಳದ್ದೂ ಹೊಸದಾಗಿ ಆಗುತ್ತೆ. ನಾನು ಅವಳ ಜೊತೆ ಫೋನಲ್ಲಿ ಮಾತಾಡಿರೋದ್ರಿಂದ ಅವಳಿಗೆ ಅಂಕ ಹಾಕಲ್ಲ.

ಅರಿವು ಕೇಂದ್ರ, ಮದ್ದೂರು ತಾಲೂಕು

ನಮ್ ಕಡೆ ಕೊಡ್ತೀವಿ ಸಾ, ಆದ್ರೆ ಪಿಡಿಒ ಸಾಹೇಬ್ರಿಗೆ ಒಂದ್ ಪತ್ರ ಕೊಡ್ಬೇಕು. ಬಾಯ್ಮಾತಲ್ಲಿ ಆಗಾಕಿಲ್ಲ.

ಸಕ್ಕರೆನಾಡು ಡಾಕ್ಟ್ರು, ಮಂಡ್ಯ

ಪತ್ರ ಸೋಮವಾರ ನಾನೇ ತಂದುಕೊಡ್ತೀನಿ. ಅಷ್ಟರಲ್ಲಿ ಯುಪಿಎಸ್ಸಿನ ಮೇಲೆ ಕಂಪ್ಯೂಟ್ರು, ರೌಟರ್ ಎರಡೂ ಹಾಕಿ ಮೇನ್ ಆಫ್ ಮಾಡಿ, ಎಷ್ಟು ಹೊತ್ತು ನಿಲ್ಲುತ್ತೆ ನೋಡಿ ಹೇಳ್ತೀರಾ? ಒಬ್ಬರ ಸಂದರ್ಶನ ಅರ್ಧ ಗಂಟೆ, ನಡುವೆ ಬಿಡುವು ಸೇರಿ ನಲವತ್ತು ನಿಮಿಷ ಬೇಕು.

ಅರಿವು ಕೇಂದ್ರ, ಮದ್ದೂರು ತಾಲೂಕು

ಈಗ್ಲೇ ನೋಡ್ದೆ. ಎರಡೂ ಹಾಕಿದ್ರೆ ಇಪ್ಪತ್ತೈದು ನಿಮಿಷಕ್ಕೆ ಕುಯ್ ಕುಯ್ ಅಂತದೆ. ರೌಟರ್ ಒಂದೇ ಹಾಕಿ ಫೋನಲ್ಲಿ ಮಾತಾಡ್ಸಿದ್ರೆ ಎರಡು ಗಂಟೆ ಗ್ಯಾರಂಟಿ.

ಹೆಬ್ಬಾಳ ಬಿಟ್ಸ್, ಮೈಸೂರು

ಹಾಗಿದ್ರೆ ಕಂಪ್ಯೂಟ್ರು ಬೇಡ. ನನ್ನ ಹತ್ರ ಎರಡು ಹಳೇ ಟ್ಯಾಬ್ ಇದಾವೆ, ಬ್ಯಾಟರಿ ಚೆನ್ನಾಗಿದೆ. ಶನಿವಾರ ಮಂಡ್ಯಕ್ಕೆ ಬರ್ತೀನಿ, ಡಾಕ್ಟ್ರೇ ಎಲ್ಲಿ ಕೊಡಲಿ ಹೇಳಿ.